ಮೇಳ ಬಿಡುವ ಮೊದಲು

ಮಾಟುಂಗಾ, ಮುಂಬೈ

ಪ್ರೀತಿಯ ಪುಟ್ಟೀ,

ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನಿನ್ನ ಅತ್ತೆಯ ಮಂಡಿ ನೋವು ಈಗ ಪರವಾಗಿಲ್ಲ. ಸಂಜೆ ಹೊತ್ತು ಮೈಸೂರು ಅಸೋಸಿಯೇಷನ್‌ವರೆಗೆ ನಡೆದು ಬರುತ್ತಾಳೆ.

ನಿನ್ನ ಮೆಸೇಜ್ ಓದಿದೆ. ನಿನ್ನ ಬಿಲ್ ಪ್ರಿಂಟರ್ ತೋರಿಸಲು ಈ ವರ್ಷದಿಂದ ದುಬೈಯ ವ್ಯಾಪಾರ ಮೇಳ ಬೇಡ, ತೈಪೆ ಬೇಡ, ಇಲ್ಲಿ ಗೋರೆಗಾಂವ್‌ನ ಸ್ಟಾಲೂ ಬೇಡ ಅಂತ ಬರೆದಿದ್ದೀಯ. 'ಆಪಲ್ ಕಂಪನಿಯೇ ಮೇಳ ಬಿಟ್ಟಿತು ಮಾವ, ಅದಕ್ಕೇನು ನಷ್ಟ ಆಯ್ತು?' ಅಂತ ಕೇಳಿದ್ದೀಯ. ಫೋನಿನಲ್ಲಿ ಇಂಥ ಮಾತು ಅರ್ಧಂಬರ್ಧ ಆಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳುತ್ತೇನೆ. ಸ್ಟಾಲ್ ಕಟ್ಟಿಕೊಡುವ ಕೆಲಸದಲ್ಲೇ ನಾನು ಸಂಸಾರ ಸಾಗಿಸಿದವನು. ಮೇಳ ನನಗೆ ಅನ್ನ ಹಾಕಿದೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನನ್ನ ಮಾತನ್ನು ತೂಗಿ ನೋಡು.

ಆಪಲ್ ಆ ಸುದ್ದಿ ಕೊಟ್ಟದ್ದು 2008ರ ಡಿಸೆಂಬರ್ 16ರಂದು. ಮುಂಬೈ ಇನ್ನೂ 26/11ರ ದಾಳಿಯಿಂದ ಚೇತರಿಸಿಕೊಂಡಿರಲಿಲ್ಲ. ಅತ್ತ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ, ಎಲ್ಲ ಕಂಪನಿಗಳೂ ಕೈ ಬಿಗಿ ಹಿಡಿದಿದ್ದ ಕಾಲ. ಜನವರಿಯಲ್ಲಿ ನಡೆಯುವ ಮ್ಯಾಕ್ ಕಂಪ್ಯೂಟರ್‌ಗಳ ಮೇಳ ಮ್ಯಾಕ್‌ವರ್ಲ್ಡೇ ನಮ್ಮ ಕೊನೆಯದು ಎಂದು ಆಪಲ್ ಹೇಳಿತು. ಅಲ್ಲಿನ ಭಾಷಣಕ್ಕೆ ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಬರುವುದಿಲ್ಲ, ಮಾರ್ಕೆಟಿಂಗ್ ನೋಡಿಕೊಳ್ಳುವ ಫಿಲ್ ಶಿಲ್ಲರ್ ಬರುತ್ತಾರೆ ಎಂದೂ ಹೇಳಿತು. ಸ್ಟಾಲ್ ಕಟ್ಟುವ ನಮ್ಮ ಬಳಗದಲ್ಲಿ ಅವತ್ತು ಅದೇ ಮಾತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1985ರಿಂದ ನಡೆದುಬಂದ ಮೇಳ ಅದು. 2007ರ ಜನವರಿ 9ರಂದು ಐಫೋನ್ ಮೊದಲು ಕಾಣಿಸಿದ್ದು ಅಲ್ಲೇ. ಮರುವರ್ಷ ಜಾಬ್ಸ್ ಅವರು ಕಚೇರಿಯ ಲಕೋಟೆಯೊಳಗಿಂದ ತೆಳ್ಳನೆಯ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್ ಹೊರತೆಗೆದು ತೋರಿಸಿದ್ದೂ ಅಲ್ಲೇ. ಅಂಥ ವೇದಿಕೆಯನ್ನೇ ಬಿಡುತ್ತಾರೆಂದರೆ ನಮ್ಮಂಥವರಿಗೆ ಭಯ ಆಗದೆ ಇರುತ್ತದೆಯೇ?

ಆದರೆ ಪುಟ್ಟೀ, ನೀನು ನೋಡಿದ್ದು ಆ ಒಂದು ದಿನದ ಸುದ್ದಿಯನ್ನು ಮಾತ್ರ. ಅದರ ಹಿಂದಿನ ವರ್ಷಗಳನ್ನು ನೋಡು. 2001ರ ಮೇ ತಿಂಗಳಲ್ಲಿ ಆಪಲ್ ತನ್ನ ಮೊದಲ ಎರಡು ಅಂಗಡಿ ತೆರೆಯಿತು, ಒಂದು ವರ್ಜೀನಿಯಾದಲ್ಲಿ, ಇನ್ನೊಂದು ಕ್ಯಾಲಿಫೋರ್ನಿಯಾದಲ್ಲಿ. ಇದು ನಡೆಯುವ ವ್ಯಾಪಾರ ಅಲ್ಲ ಎಂದವರೇ ಜಾಸ್ತಿ. 2008ರ ಕೊನೆಗೆ ಅಂಗಡಿಗಳು 200 ದಾಟಿದ್ದವು. ವಾರಕ್ಕೆ 35 ಲಕ್ಷ ಜನ ನಮ್ಮ ಅಂಗಡಿಗೆ ಬರುತ್ತಾರೆ ಎಂದು ಆ ಡಿಸೆಂಬರ್ ಪ್ರಕಟಣೆಯಲ್ಲೇ ಕಂಪನಿ ಬರೆಯಿತು. ಜನವರಿ 6ರಂದು ವೇದಿಕೆ ಹತ್ತಿದ ಶಿಲ್ಲರ್ ಕೂಡ ಅದನ್ನೇ ಹೇಳಿದರು: ಪ್ರತಿ ವಾರವೂ ನಮಗೆ 100 ಮ್ಯಾಕ್‌ವರ್ಲ್ಡ್ ನಡೆದಷ್ಟು ಜನ ಬರುತ್ತಾರೆ ಎಂದು. ಆ ಅಂಗಡಿಗಳಲ್ಲಿ ಯಾರು ಬೇಕಾದರೂ ಯಂತ್ರ ಮುಟ್ಟಿ ನೋಡಬಹುದಿತ್ತು. ಕೆಟ್ಟದ್ದನ್ನು ತೆಗೆದುಕೊಂಡು ಹೋದರೆ ಕೂರಿಸಿ ನೋಡಿಕೊಡುವವರಿದ್ದರು.

ಬಿಟ್ಟದ್ದೂ ಒಂದೇ ಏಟಿಗಲ್ಲ. ಮೊದಲು ಟೋಕಿಯೊ ಬಿಟ್ಟರು. ನ್ಯೂಯಾರ್ಕ್‌ನ ಮೇಳ 2004ರಲ್ಲಿ ಬೋಸ್ಟನ್‌ಗೆ ಹೋದಾಗ ಅಲ್ಲಿಗೆ ಹೋಗಲಿಲ್ಲ. 2008ರಲ್ಲಿ ಲಾಸ್ ವೇಗಾಸ್‌ನ ಪ್ರಸಾರ ಉದ್ಯಮದ ಮೇಳ ಬಿಟ್ಟರು, ಅದೇ ವರ್ಷ ಪ್ಯಾರಿಸ್ ಬಿಟ್ಟರು. ಸ್ಯಾನ್ ಫ್ರಾನ್ಸಿಸ್ಕೋ ಕಟ್ಟಕಡೆಯದು. ಸ್ವಂತ ಮನೆ ಕಟ್ಟಿ, ಗೃಹಪ್ರವೇಶ ಮುಗಿಸಿ, ಆಮೇಲೆ ಬಾಡಿಗೆ ಮನೆ ಖಾಲಿ ಮಾಡಿದ ಹಾಗೆ.

ನಮ್ಮ ಮುಂಬೈಯನ್ನೇ ನೋಡು. 2020ರಲ್ಲಿ ಆನ್‌ಲೈನ್ ಅಂಗಡಿ ಬರುವವರೆಗೆ ಇಲ್ಲಿ ಅವರ ವ್ಯಾಪಾರವೆಲ್ಲ ಡೀಲರ್‌ಗಳ, ಬೇರೆಯವರ ಅಂಗಡಿಗಳ ಮೂಲಕವೇ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ (ಬಿಕೆಸಿ) ಸ್ವಂತ ಅಂಗಡಿ ತೆರೆದದ್ದು 2023ರ ಏಪ್ರಿಲ್ 18ರಂದು. ಆಗ ಕಂಪನಿಯ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ತಾವೇ ಬಾಗಿಲು ತೆರೆದರು. ಬಂದವರಲ್ಲಿ ಒಬ್ಬರು 80ರ ದಶಕದ ಮ್ಯಾಕಿಂಟೋಷ್ ಕಂಪ್ಯೂಟರ್ ಹೊತ್ತು ತಂದಿದ್ದರು. ಅದನ್ನು ಕಂಡು ಕುಕ್ ಕಣ್ಣರಳಿಸಿದ್ದನ್ನು ನೀನೂ ಟಿವಿಯಲ್ಲಿ ನೋಡಿರಬೇಕು. ನಿಮ್ಮ ಪುಣೆಯ ಕೋರೆಗಾಂವ್ ಪಾರ್ಕ್‌ಗೂ 2025ರ ಸೆಪ್ಟೆಂಬರ್‌ನಲ್ಲಿ ಅಂಗಡಿ ಬಂತು. ಸುಮ್ನೆ ವೆಬ್‌ಸೈಟ್ ಸಾಕು ಅಂತಿದ್ದರೆ ಅಷ್ಟು ದೊಡ್ಡ ಕಂಪನಿ ಇಷ್ಟು ಬಾಡಿಗೆ ಕೊಟ್ಟು ಅಂಗಡಿ ಯಾಕೆ ಹಾಕುತ್ತದೆ? ಅವರು ಮೇಳ ಬಿಟ್ಟರು. ಗಿರಾಕಿಯ ಕೈಗೆ ಮಾಲು ಕೊಡುವುದನ್ನು ಬಿಡಲಿಲ್ಲ. ನಿನಗೆ ನಾನು ಹೇಳಬೇಕಾದ್ದು ಇದೊಂದೇ.

ಈಗ ನಿನ್ನ ವ್ಯಾಪಾರಕ್ಕೆ ಬಾ. ನಿನ್ನದು ಭೋಸರಿಯ ಶೆಡ್. ಬಿಲ್ ಪ್ರಿಂಟರ್ ಮಾಡುತ್ತೀಯ, ಚೆನ್ನಾಗಿಯೇ ಮಾಡುತ್ತೀಯ. ನೈರೋಬಿಯ ಡೀಲರ್ ನಿನ್ನ ಪ್ರಿಂಟರನ್ನು ಮುಟ್ಟುವುದು ಎಲ್ಲಿ? ದುಬೈ ಮೇಳದಲ್ಲಿ ಮಾತ್ರ, ಅಲ್ವಾ?

ಹೋದ ಸಲ ಗೋರೆಗಾಂವ್‌ನಲ್ಲಿ ನಾನು ನಿನ್ನ ಸ್ಟಾಲಿನ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಸೂರತ್‌ನ ವ್ಯಾಪಾರಿ ಒಬ್ಬರು ಬಂದರು. ನಿನ್ನ ಹುಡುಗ ಸ್ಪೀಡು, ಬ್ಲೂಟೂತು, ವಾರಂಟಿ ಅಂತ ಒಂದೇ ಸಮನೆ ಹೇಳುತ್ತಿದ್ದ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಮುಚ್ಚಳ ತೆಗೆದರು, ಹಾಕಿದರು. ಮತ್ತೆ ತೆಗೆದರು, ಮತ್ತೆ ಹಾಕಿದರು. 80 ಎಂಎಂ ರೋಲನ್ನು ತಾವೇ ಕೂರಿಸಿ, ಬಿಲ್ ತೆಗೆದು, ಪ್ರಿಂಟರಿನ ಹಲ್ಲಿನ ಅಂಚಿಗೆ ಒತ್ತಿ ಹರಿದರು. ಕಾಗದ ಸೊಟ್ಟಗೆ ಹರಿಯಿತು. ಆಮೇಲೆ ಮುಚ್ಚಳದ ಲಾಕಿನ ಮೇಲೆ ಹೆಬ್ಬೆರಳು ಇಟ್ಟು, 'ನನ್ನ ಅಂಗಡಿ ಹುಡುಗರು ಇದನ್ನು ದೀಪಾವಳಿ ಒಳಗೆ ಮುರೀತಾರೆ' ಎಂದರು. ಮುಂದಿನ ಬ್ಯಾಚಿನಲ್ಲಿ ನೀನು ಆ ಲಾಕ್ ಬದಲಾಯಿಸಿದೆ. ಆ ಮಾತನ್ನು ಅವರು ಯಾವ ಈಮೇಲಿನಲ್ಲೂ ಬರೆಯುತ್ತಿರಲಿಲ್ಲ. ಸುಮ್ಮನೆ ಬೇರೆ ಕಂಪನಿಯ ಮಾಲು ತರಿಸುತ್ತಿದ್ದರು. ನಿನಗೆ ಕಾರಣವೂ ತಿಳಿಯುತ್ತಿರಲಿಲ್ಲ.

ನಿನ್ನ ಒಂದು ದೂರು ಮಾತ್ರ ನೂರಕ್ಕೆ ನೂರು ನಿಜ. ಮೇಳದ ತಾರೀಕು ಹಿಡಿದುಕೊಂಡು ಹೊಸ ಮಾಡೆಲ್ ಮುಗಿಸಬೇಕು, ಹುಡುಗರು ರಾತ್ರಿಯೆಲ್ಲ ನಿದ್ದೆಗೆಡಬೇಕು, ಅರೆಬೆಂದ ಮಾಲು ತೋರಿಸಬೇಕು. ಆಪಲ್‌ಗೂ ಈ ಕಷ್ಟ ಇತ್ತು. ಮ್ಯಾಕ್‌ವರ್ಲ್ಡ್ ಬರುತ್ತಿದ್ದದ್ದು ಜನವರಿಯಲ್ಲಿ, ಕ್ರಿಸ್ಮಸ್ ವ್ಯಾಪಾರದ ಬೆನ್ನಿಗೇ. ಜನವರಿಗೆ ಹೊಸದು ಬರುತ್ತದೆ ಅಂತ ಗೊತ್ತಿದ್ದರೆ ಡಿಸೆಂಬರ್‌ನಲ್ಲಿ ಯಾರು ಹಣ ಬಿಚ್ಚುತ್ತಾರೆ? ಹೊಸದೇನೂ ತರದಿದ್ದರೆ ಮೇಳಕ್ಕೆ ಬಂದ ಜನರಿಗೆ ಬೇಸರ. ಬಿಟ್ಟ ಮೇಲೆ ಅವರು 2010ರ ಜನವರಿ 27ರಂದು ಐಪ್ಯಾಡ್ ತೋರಿಸಿದರು. ಅದೇ ಊರಿನಲ್ಲಿ, ತಾವೇ ಹಿಡಿದ ಹಾಲಿನಲ್ಲಿ, ತಾವೇ ಗೊತ್ತು ಮಾಡಿದ ದಿನ. ಆ ವರ್ಷದ ಮ್ಯಾಕ್‌ವರ್ಲ್ಡ್ ಫೆಬ್ರವರಿಯಲ್ಲಿ ನಡೆಯಿತು, ಅವರಿಲ್ಲದೆ. ಆದ್ದರಿಂದ ಹೊಸ ಮಾಡೆಲ್ಲನ್ನು ಮೇಳಕ್ಕೆ ಕಟ್ಟಿಹಾಕಬೇಡ. ಈಗಾಗಲೇ ಓಡುತ್ತಿರುವ ಮಾಲನ್ನೇ ತೋರಿಸು. ನೈರೋಬಿಯವರಿಗೆ ಅದೇ ಸಾಕು.

ಮೇಳಗಳ ಕಾಲ ಮುಗಿಯಿತು ಅನ್ನುವ ನಿನ್ನ ಮಾತು ಪೂರ್ತಿ ಸುಳ್ಳಲ್ಲ. ಲಾಸ್ ವೇಗಾಸ್‌ನ ಕಾಮ್‌ಡೆಕ್ಸ್ 2003ಕ್ಕೆ ನಿಂತಿತು. ಹ್ಯಾನೋವರ್‌ನ ಸೀಬಿಟ್ 2018ಕ್ಕೆ ಮುಗಿಯಿತು. ದೊಡ್ಡವರು ಒಬ್ಬೊಬ್ಬರಾಗಿ ಹೊರಗೆ ನಡೆದರೆ ಮೇಳ ಉಳಿಯುವುದಿಲ್ಲ. ಆದರೆ ನೀನು ದೊಡ್ಡವರಲ್ಲಿ ಒಬ್ಬಳಲ್ಲ ಪುಟ್ಟೀ, ಇನ್ನೂ ಅಲ್ಲ. ದೊಡ್ಡವರು ಹೋದಾಗ ಏನಾಗುತ್ತದೆ ಅಂತ ನೋಡುವುದಾದರೆ ಅಲ್ಲಿ ಉಳಿದವರನ್ನು ನೋಡು. ಮ್ಯಾಕ್‌ವರ್ಲ್ಡ್‌ನಲ್ಲಿ ಬ್ಯಾಗು, ಕೇಬಲ್ಲು, ಸಣ್ಣಪುಟ್ಟ ಸಾಫ್ಟ್‌ವೇರ್ ಮಾಡುವವರು ಸಾಲಾಗಿ ಸ್ಟಾಲ್ ಹಾಕುತ್ತಿದ್ದರು. ಆಪಲ್ ನೋಡಲು ಬಂದ ಜನವೇ ಅವರ ಮೇಜಿಗೂ ಬರುತ್ತಿತ್ತು. ಆಪಲ್ ಹೋದ ಮೇಲೂ ಮೇಳ ಕೆಲವು ವರ್ಷ ಎಳೆದುಕೊಂಡು ಹೋಯಿತು, ಹೆಸರೂ ಬದಲಾಯಿಸಿಕೊಂಡಿತು. 2014ರ ನಂತರ ನಿಂತೇ ಹೋಯಿತು. ಅಂಗಡಿ ಇದ್ದವರಿಗೆ ಅಂಗಡಿ ಇತ್ತು. ಈ ಸಣ್ಣವರಿಗೆ ಏನಿತ್ತು? ಅದು ನನಗೆ ಇವತ್ತಿಗೂ ನೋವಿನ ವಿಷಯ. ಹಾಗೆ ಮೇಳವನ್ನೇ ನಂಬಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವರಿಗೆ ಸ್ಟಾಲ್ ಕಟ್ಟಿಕೊಟ್ಟಿದ್ದೇನೆ.

ನಿನ್ನ ಸ್ಟಾಲಿನ ಮೂಲೆಯಲ್ಲೂ ಹುಬ್ಬಳ್ಳಿಯ ಇಬ್ಬರು ಹುಡುಗರು ಒಂದು ಮೇಜು ಹಾಕಿಕೊಳ್ಳುತ್ತಾರಲ್ಲ, ಅಂಗಡಿ ಲೆಕ್ಕದ ಆ್ಯಪ್ ತೋರಿಸುವವರು? ಅವರಿಗೆ ಹೇಳಿದ್ದೀಯಾ? ಏನೇ ತೀರ್ಮಾನ ಮಾಡು, ಮೊದಲು ಅವರಿಗೆ ತಿಳಿಸು. ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಅವರಿಗೂ ಟೈಮ್ ಬೇಕು.

ಇನ್ನು ಸುದ್ದಿ ಹಬ್ಬುವ ವಿಷಯ. ಜಾಬ್ಸ್ ವೇದಿಕೆಗೆ ಬರುವುದಿಲ್ಲ ಅಂದ ಕೂಡಲೇ ಜನ ಅವರ ಆರೋಗ್ಯದ ಮಾತು ಎತ್ತಿದರು, ಷೇರು ಇಳಿಯಿತು. ಜನವರಿ 5ರಂದು ಅವರೇ ಪತ್ರ ಬರೆದು ಸಮಾಧಾನ ಹೇಳಬೇಕಾಯಿತು. ಜನವರಿ 14ರಂದು ರಜೆ ಮೇಲೆ ಹೋಗುತ್ತೇನೆಂದು ಮತ್ತೆ ಬರೆದರು. ಅಷ್ಟು ದೊಡ್ಡ ಕಂಪನಿಗೇ ಹೀಗಾದರೆ, ದುಬೈಯಲ್ಲಿ ನಿನ್ನ ಸ್ಟಾಲ್ ಕಾಣದಿದ್ದಾಗ ಡೀಲರ್‌ಗಳು ಏನಂದುಕೊಳ್ಳುತ್ತಾರೆ? ಪುಣೆಯ ಹುಡುಗಿ ಅಂಗಡಿ ಮುಚ್ಚಿದಳು, ಇನ್ನು ಸ್ಪೇರ್ ಸಿಗಲ್ಲ ಅಂತ. ನಮ್ಮ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಇಂಥ ಮಾತು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗಲು ಮಧ್ಯಾಹ್ನದ ಚಹಾ ಹೊತ್ತು ಸಾಕು. ಆದ್ದರಿಂದ ಒಬ್ಬೊಬ್ಬ ಡೀಲರ್‌ಗೂ ನೀನೇ ಫೋನ್ ಮಾಡು. ಮೆಸೇಜ್ ಬೇಡ. ನಿನ್ನ ದನಿ ಕೇಳಿದರೆ ಅವರಿಗೆ ಧೈರ್ಯ.

ನನ್ನನ್ನು ಕೇಳಿದರೆ ಹೀಗೆ ಮಾಡು. ತೈಪೆ ಬಿಟ್ಟುಬಿಡು. ಅಲ್ಲಿ ನಿನಗೆ ಸಿಗುವವರು ಬಿಡಿಭಾಗ ಮಾರುವವರು, ನಿನ್ನ ಮಾಲು ಕೊಳ್ಳುವವರಲ್ಲ. ಒಬ್ಬ ಹುಡುಗನನ್ನು ಟಿಕೆಟ್ ಕೊಟ್ಟು ನೋಡಿಕೊಂಡು ಬರಲು ಕಳಿಸಿದರೆ ಆಯಿತು. ದುಬೈ ಬಿಡಬೇಡ, ಸಣ್ಣದು ಮಾಡು. ಬರೀ ನೆಲ ಬಾಡಿಗೆಗೆ ಹಿಡಿದು, ಇಲ್ಲಿಂದ ಬಡಗಿಗಳನ್ನು ಕರೆದುಕೊಂಡು ಹೋಗಿ ಅರಮನೆ ಕಟ್ಟಿಸುವುದು ನಿನ್ನ ಅಳತೆಯ ಕಂಪನಿಗೆ ಬೇಕಿಲ್ಲ. ನನ್ನ ಕಸುಬಿನವರಿಗೆ ಈ ಮಾತು ಹಿಡಿಸುವುದಿಲ್ಲ, ಆದರೂ ಹೇಳುತ್ತೇನೆ. ಅವರೇ ಕಟ್ಟಿಕೊಡುವ 9 ಚದರ ಮೀಟರ್ ಶೆಲ್ ಸ್ಕೀಮ್ ತೆಗೆದುಕೋ. ಕಾರ್ನರ್ ಸಿಕ್ಕಿದರೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ, ಎರಡು ಕಡೆಯಿಂದ ಜನ ಬರುತ್ತಾರೆ. ಮೇಜಿನ ಮೇಲೆ ಎರಡು ಪ್ರಿಂಟರ್, ಪಕ್ಕದಲ್ಲಿ ಬೇಕಾದಷ್ಟು ರೋಲ್. ಯಾರು ಬಂದರೂ ತಾವೇ ಹಾಕಿ, ತಾವೇ ಹರಿದು ನೋಡಲಿ. ಗೋರೆಗಾಂವ್ ವಿಷಯ ಆಮೇಲೆ ನೋಡೋಣ.

ಉಳಿದ ಹಣವನ್ನು ಬ್ಯಾಂಕಿನಲ್ಲಿ ಇಡಬೇಡ, ಜಾಹೀರಾತಿಗೂ ಹಾಕಬೇಡ. ನೈರೋಬಿಯ ಡೀಲರ್ ಅಂಗಡಿಯಲ್ಲಿ ಒಂದು ಮೇಜು ಕೇಳು. ಅಲ್ಲಿ ನಿನ್ನ ಪ್ರಿಂಟರ್ ರಿಪೇರಿ ಗೊತ್ತಿರುವ ಒಬ್ಬ ಹುಡುಗ, ಒಂದು ಡಬ್ಬಿ ಸ್ಪೇರ್ ಇರಲಿ. ಹೆಡ್ಡು, ಕಟರ್, ರೋಲರ್, ಲಾಕು. ಅದು ನಡೆದರೆ ಮುಂದಿನ ವರ್ಷ ಕಂಪಾಲಾದಲ್ಲಿ ಇನ್ನೊಂದು. ಹಾಗೆ ನಾಲ್ಕು ಕಡೆ ನಿನ್ನ ಮೇಜು ಬಂದ ಮೇಲೆ ದುಬೈ ಬೇಕೋ ಬೇಡವೋ ಅಂತ ನನ್ನನ್ನು ಕೇಳುವ ಅಗತ್ಯವೇ ನಿನಗೆ ಬರುವುದಿಲ್ಲ.

ದುಬೈಯವರಿಗೆ ಎರಡನೇ ಕಂತು ಕಟ್ಟಲು ಇನ್ನೂ ಸಮಯ ಇದೆ ಅಂದಿದ್ದೆಯಲ್ಲ. ದೊಡ್ಡ ಜಾಗ ಬೇಡ, ಸಣ್ಣದು ಕೊಡಿ ಎಂದು ಈಗಲೇ ಬರೆದು ಕೇಳು, ತಡ ಮಾಡಿದರೆ ಒಪ್ಪುವುದಿಲ್ಲ. ಹಿಂದಿನ ಮೂರು ವರ್ಷದ ವಿದೇಶದ ಆರ್ಡರ್‌ಗಳ ಪಟ್ಟಿ ತೆಗೆದುಕೊಂಡು ಭಾನುವಾರ ಬಾ. ಪ್ರತಿಯೊಂದರ ಮುಂದೆಯೂ ಆ ಗಿರಾಕಿ ಮೊದಲು ಸಿಕ್ಕಿದ್ದು ಎಲ್ಲಿ ಅಂತ ಗುರುತು ಹಾಕಿಕೊಂಡು ಬಾ. ಬೆಳಿಗ್ಗೆ ಡೆಕ್ಕನ್ ಕ್ವೀನ್ ಹಿಡಿದರೆ ದಾದರ್‌ನಲ್ಲಿ ಇಳಿದುಕೋ, ನಾನೇ ಬರುತ್ತೇನೆ. ಅತ್ತೆ ನೀರ್‌ದೋಸೆ ಮಾಡುತ್ತಾಳಂತೆ.

ಇತಿ ನಿನ್ನ,
ಮಾವ