ವೇಲ್ಸ್ ಅಭಿಮಾನಿಗಳ ಬಕೆಟ್ ಟೋಪಿ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ವೇಲ್ಸ್ ಫುಟ್‌ಬಾಲ್ ಪಂದ್ಯಗಳ ಚಿತ್ರಗಳಲ್ಲಿ ಕಾಣುವ ಕೆಂಪು, ಹಳದಿ, ಹಸಿರು ಬಣ್ಣಗಳ ಬಕೆಟ್ ಟೋಪಿಯನ್ನು ಕೆಲವರು ತಂಡದ ಅಧಿಕೃತ ಉಡುಪೆಂದು ಬರೆಯುತ್ತಿರುವುದರಿಂದ ಈ ವಿವರಣೆ ಅಗತ್ಯವೆನಿಸಿತು. ಉತ್ತರ ವೇಲ್ಸ್‌ನ ಬಾಲಾ ಎಂಬ ಪುಟ್ಟ ಊರಿನಲ್ಲಿ ಅಭಿಮಾನಿಯೊಬ್ಬರು ಆರಂಭಿಸಿದ ‘ಸ್ಪಿರಿಟ್ ಆಫ್ 58’ ಮಳಿಗೆಯೇ ಅದನ್ನು ಮನೆಮಾತಾಗಿಸಿತು. ವೇಲ್ಸ್ ಮೊದಲ ಬಾರಿಗೆ ವಿಶ್ವಕಪ್ ಆಡಿ, ಕ್ವಾರ್ಟರ್ ಫೈನಲ್‌ನಲ್ಲಿ ಹದಿಹರೆಯದ ಪೆಲೆ ಹೊಡೆದ ಒಂದೇ ಗೋಲಿನಿಂದ ಬ್ರೆಜಿಲ್‌ಗೆ ಮಣಿದ 1958ರ ನೆನಪು ಆ ಹೆಸರಿನಲ್ಲಿದೆ. 2016ರ ಯೂರೋ ಕೂಟದಲ್ಲಿ ತಂಡ ಸೆಮಿಫೈನಲ್ ತಲುಪಿದಾಗ ಫ್ರಾನ್ಸ್‌ನ ಕ್ರೀಡಾಂಗಣಗಳಲ್ಲಿ ಈ ಟೋಪಿ ಎದ್ದು ಕಂಡಿತು. 64 ವರ್ಷಗಳ ಬಳಿಕ, 2022ರಲ್ಲಿ ವೇಲ್ಸ್ ಮತ್ತೆ ವಿಶ್ವಕಪ್ ಪ್ರವೇಶಿಸಿದಾಗ ಆತಿಥೇಯ ಕತಾರ್‌ನ ದೋಹಾದ ಕಡಲತೀರದಲ್ಲಿ ಅದರ ಬೃಹತ್ ಪ್ರತಿಕೃತಿಯನ್ನೇ ನಿಲ್ಲಿಸಲಾಯಿತು. ಆದರೆ ಅಮೆರಿಕ ವಿರುದ್ಧದ ಪಂದ್ಯಕ್ಕೆ ಸಲಿಂಗಿ ಸಮುದಾಯಕ್ಕೆ ಬೆಂಬಲದ ಸಂಕೇತವಾದ, ಕಾಮನಬಿಲ್ಲಿನ ಬಣ್ಣದ ಇದೇ ಬಗೆಯ ಟೋಪಿ ಧರಿಸಿ ಬಂದ ಅಭಿಮಾನಿಗಳನ್ನು, ಮಹಿಳಾ ತಂಡದ ಮಾಜಿ ನಾಯಕಿ ಲಾರಾ ಮೆಕಾಲಿಸ್ಟರ್ ಅವರನ್ನೂ ಸೇರಿಸಿ, ಪ್ರವೇಶದ್ವಾರದಲ್ಲಿ ತಡೆದು ಟೋಪಿ ತೆಗೆಯಲು ಹೇಳಲಾಯಿತು. (ಲಾರಾ ಜಾಣತನದಿಂದ ಒಂದನ್ನು ಒಳಗೊಯ್ದರು ಎಂಬುದು ಬೇರೆ ಮಾತು!) ಆಕ್ಷೇಪಗಳ ನಂತರ ಮುಂದಿನ ಪಂದ್ಯಕ್ಕೆ ಅನುಮತಿ ಸಿಕ್ಕಿತು.

ಇನ್ನು ಮುಂದೆ ಚಿತ್ರ ಹಂಚುವಾಗ ಅಡಿಬರಹದಲ್ಲಿ ‘ಅಭಿಮಾನಿಗಳ ಟೋಪಿ’ ಎಂದೇ ನಮೂದಿಸಬೇಕೆಂದು ವಿನಂತಿ.

– ಗುಂಪಿನ ನಿರ್ವಾಹಕರು