ನೊಬೆಲ್ ಸುದ್ದಿಯ ಜೊತೆ ಆ ಕೆಲಸದ ವಿವರವೂ ಬರಲಿ

ಸಂಪಾದಕರೇ,

2023ರಲ್ಲಿ ಅತಿ ಕಡಿಮೆ ಹೊತ್ತು ಇರುವ ಬೆಳಕಿನ ಮಿಂಚುಗಳಿಗೆ ಭೌತಶಾಸ್ತ್ರದ ನೊಬೆಲ್ ಬಂದಾಗ ಹೆಸರು, ಫೋಟೊ ಎಲ್ಲ ಓದಿದೆವು. ಅಂಥ ಬೆಳಕು ಹಿಡಿದು ಏನು ನೋಡುತ್ತಾರೆ ಅನ್ನೋದು ಮಾತ್ರ ನನ್ನ ಮಕ್ಕಳಿಗೆ ಕನ್ನಡದಲ್ಲಿ ಸಿಗಲಿಲ್ಲ.

ನಾನು ಶಿರಸಿಯಲ್ಲಿ ಪಿಯುಸಿಗೆ ಕೆಮಿಸ್ಟ್ರಿ ಪಾಠ ಮಾಡುವವಳು. ಮೊನ್ನೆ ತೋಟದಿಂದ ನಾಲ್ಕು ವೀಳ್ಯದೆಲೆ ತಂದು, ಸ್ಪಿರಿಟ್‌ನಲ್ಲಿ ಅರೆದು ಸೋಸಿ, ಖೋಟಾ ನೋಟು ನೋಡುವ ನೇರಳೆ ಟಾರ್ಚ್ ಹಿಡಿದೆ. ಹಸಿರು ರಸ ಕೆಂಪಗೆ ಹೊಳೆಯಿತು! ಇಡೀ ಎಲೆಗೆ ಹಿಡಿದರೆ ಆ ಕೆಂಪು ಕಾಣಲೇ ಇಲ್ಲ. ಯಾಕೆ ಮೇಡಂ ಎಂದು ಒಬ್ಬಳು ಕೇಳಿದಳು. ಎಷ್ಟು ಒಳ್ಳೆ ಪ್ರಶ್ನೆ, ಅಲ್ವಾ?

ತೋಟಕ್ಕೆ ಗೊಬ್ಬರ ಹಾಕುವಾಗ ಸಾಲಾಗಿ ನಿಂತು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತೇವಲ್ಲ, ಎಲೆಯೊಳಗೆ ಒತ್ತೊತ್ತಾಗಿರುವ ನೂರಾರು ಕ್ಲೋರೋಫಿಲ್ ಅಣುಗಳು ಬಿಸಿಲಿನ ಶಕ್ತಿಯನ್ನು ಹಾಗೇ ದಾಟಿಸಿ, ಅದು ಬಳಕೆಯಾಗುವ ಜಾಗಕ್ಕೆ ತಲುಪಿಸುತ್ತವೆ. ಸ್ಪಿರಿಟ್‌ನಲ್ಲಿ ಅಣುಗಳು ಚದುರಿ ಹೋಗುತ್ತವೆ. ಪಕ್ಕದವರು ನಾಲ್ಕು ಮಾರು ದೂರ ನಿಂತರೆ ಬುಟ್ಟಿ ಕೈಯಲ್ಲೇ ಉಳಿದಂತೆ. ಆಗ ಶಕ್ತಿಯಲ್ಲಿ ಒಂದಷ್ಟು ಕೆಂಪು ಬೆಳಕಾಗಿ ಹೊರಬೀಳುತ್ತದೆ. ಇಂಥ ಅಣುಗಳ ನಡುವೆ ದೂರ ಎರಡು ಪಟ್ಟಾದರೆ ದಾಟುವ ವೇಗ 64 ಪಟ್ಟು ಇಳಿಯುತ್ತದೆ ಎಂಬ ಲೆಕ್ಕವನ್ನು ಜರ್ಮನಿಯ ಥಿಯೋಡರ್ ಫಾರ್ಸ್ಟರ್ 1940ರ ದಶಕದಲ್ಲೇ ಕೊಟ್ಟಿದ್ದರು.

ಎಲೆಯಲ್ಲಿ ಇಂಥ ಎಷ್ಟೋ ಹೆಜ್ಜೆಗಳು ಒಂದು ಪಿಕೊಸೆಕೆಂಡಿಗಿಂತ ಬೇಗ ಮುಗಿಯುತ್ತವೆ. ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಯಾವ ಗಡಿಯಾರಕ್ಕೆ ಸಿಕ್ಕೀತು? ನನಗೆ ಜಾಸ್ತಿ ಇಷ್ಟವಾಗುವುದು ಇಲ್ಲಿಯ ಉಪಾಯ. ಲೇಸರಿನ ಒಂದು ಮಿಂಚು ಅಣುವನ್ನು ಎಬ್ಬಿಸುತ್ತದೆ, ಹಿಂದೆಯೇ ಬರುವ ಇನ್ನೊಂದು ಅದರ ಸ್ಥಿತಿ ನೋಡುತ್ತದೆ. ಎರಡನೆಯದನ್ನು ತಡಮಾಡಿಸಲು ಕನ್ನಡಿಯನ್ನು ಒಂದೇ ಮಿಲಿಮೀಟರ್ ಹಿಂದೆ ಸರಿಸಿದರೆ ಬೆಳಕು ಹೋಗಿ ಬರುವ ದಾರಿ ಎರಡು ಮಿಲಿಮೀಟರ್ ಉದ್ದವಾಗಿ ಸುಮಾರು 6.7 ಪಿಕೊಸೆಕೆಂಡ್ ತಡವಾಗುತ್ತದೆ. ಸಮಯವನ್ನು ಸ್ಕೇಲಿನಲ್ಲಿ ಅಳೆದ ಹಾಗೆ! ಇಂಥ ಮಿಂಚುಗಳಿಂದ ರಾಸಾಯನಿಕ ಕ್ರಿಯೆಗಳನ್ನು ನಡೆಯುತ್ತಿರುವಾಗಲೇ ನೋಡಿದ ಈಜಿಪ್ಟ್ ಮೂಲದ ಅಹ್ಮದ್ ಜೆವೈಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು.

ಇದನ್ನೆಲ್ಲ ಹೇಳಿದಾಗ ಹಿಂದಿನ ಬೆಂಚಿನ ಹುಡುಗರೂ ಮುಂದೆ ಬಂದು ನಿಂತರು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಇವರು. ಪ್ರಶಸ್ತಿ ಬಂದ ದಿನ ಹೆಸರಿನ ಜೊತೆ ಅರ್ಧ ಕಾಲಂನಷ್ಟಾದರೂ ಕೆಲಸದ ವಿವರ, ಒಂದು ಚಿತ್ರ ಹಾಕಿ. ಬರೆಯುವವರು ಸಿಗದಿದ್ದರೆ ನಾನೇ ಬರೆದು ಕಳಿಸುತ್ತೇನೆ.

– ಕೆಮಿಸ್ಟ್ರಿ ಉಪನ್ಯಾಸಕಿ, ಶಿರಸಿ