‘ಸೆಟ್’ ಪದದ ಅನುವಾದದ ಕುರಿತು ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ನಿನ್ನೆಯ ಅಭ್ಯಾಸದಲ್ಲಿ ‘ದಿ ಕಾಂಕ್ರೀಟ್ ಹ್ಯಾಸ್ ಸೆಟ್’ ಎಂಬ ವಾಕ್ಯವನ್ನು ಹಲವರು ‘ಕಾಂಕ್ರೀಟನ್ನು ಇಡಲಾಗಿದೆ’ ಎಂದು ಅನುವಾದಿಸಿದ್ದೀರಿ. ನಮ್ಮ ರಾಯಚೂರಿನಲ್ಲಿ ಮನೆಯ ಛತ್ತು ಹಾಕಿದ ಮರುದಿನ ಮೇಸ್ತ್ರಿ ಹೆಬ್ಬೆರಳಿನಿಂದ ಒತ್ತಿ ನೋಡಿ, ಗುರುತು ಮೂಡದಿದ್ದರೆ ‘ಸೆಟ್ ಆಗೈತ್ರಿ’ ಎನ್ನುವುದನ್ನು ನೆನಪಿಸಿಕೊಂಡರೆ, ಇಲ್ಲಿನ ಅರ್ಥ ಗಟ್ಟಿಯಾಗುವುದು ಎಂದು ತಾನಾಗಿಯೇ ತಿಳಿಯುತ್ತದೆ.

1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ಪಡೆದದ್ದು ಇದೇ ಪದ. ಆದರೂ ಹೆದರಬೇಕಾಗಿಲ್ಲ. ಈ ಕ್ರಿಯಾಪದದ ಹಳೆಯ ರೂಪ ‘ಸೆಟ್ಟನ್’. ಅದು ‘ಸಿಟ್’ ಎಂಬುದರ ಪ್ರೇರಣಾರ್ಥಕ, ಅಂದರೆ ‘ಕೂಡ್ರಿಸು’. ನಾವು ಗಣಪತಿಯನ್ನು ಕೂಡ್ರಿಸುತ್ತೇವೆ, ಬಾಗಿಲನ್ನು ಕೂಡ್ರಿಸುತ್ತೇವೆ. ಇಂಗ್ಲಿಷರು ಗಡಿಯಾರದ ಸಮಯವನ್ನು, ಮುರಿದ ಮೂಳೆಯನ್ನು, ಉಂಗುರದ ಹರಳನ್ನು ‘ಸೆಟ್’ ಮಾಡುತ್ತಾರೆ. ನಮ್ಮ ಮಾತು ಈ ಪದಕ್ಕೆ ಇಷ್ಟು ಹತ್ತಿರವಿರುವುದು ನನಗೆ ಬಹಳ ಸಂತೋಷ ಕೊಟ್ಟಿದೆ.

ಗುಂಪು ಎಂಬ ಅರ್ಥದ ನಾಮಪದ ಮಾತ್ರ ಬೇರೆ ಮೂಲದ್ದು. ಅದು ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದಿದೆ. ಗಣಿತದ ಸೆಟ್ಟು, ಪಾತ್ರೆಗಳ ಸೆಟ್ಟು, ನಮ್ಮ ಹೊಲಗಳ ಪಂಪ್‌ಸೆಟ್ಟು ಈ ಸಾಲಿಗೆ ಸೇರುತ್ತವೆ.

ಈ ಕ್ರಿಯಾಪದದ ಭೂತಕಾಲದ ರೂಪವೂ ‘ಸೆಟ್’ ಎಂದೇ ಇರುವುದರಿಂದ ಕಾಲವನ್ನು ವಾಕ್ಯದಿಂದಲೇ ಗ್ರಹಿಸಬೇಕು. ಆದ್ದರಿಂದ ಇನ್ನು ಮುಂದೆ ಅರ್ಥ ಕೇಳುವವರು ಪದವೊಂದನ್ನೇ ಬರೆಯದೆ, ಅದು ಬಂದಿರುವ ಇಡೀ ವಾಕ್ಯವನ್ನು ಗುಂಪಿಗೆ ಕಳುಹಿಸಬೇಕಾಗಿ ವಿನಂತಿ.